ಎರಡು ನಿಮಿಷದ ಸಪಾಟು ಗೆರೆ

ಮೈಕ್‌ಸೆಟ್ಟಿನವರಿಗೆ ಎಲ್ಲೂ ಮರ್ಯಾದೆ ಇಲ್ಲ. ಹಾಡು ಚೆನ್ನಾಗಿ ಕೇಳಿಸಿದರೆ ಹಾಡಿದವರಿಗೆ ಚಪ್ಪಾಳೆ, ಕುಂಯ್ ಅಂದರೆ ನಮಗೆ ಬೈಗುಳ. ಶಿಕಾರಿಪುರದಲ್ಲಿ ಮೂವತ್ತು ವರ್ಷ ಆ ಬೈಗುಳ ತಿಂದೇ ಬದುಕಿದವನು ನಾನು, ಮೈಕ್‌ಸೆಟ್ ಸಿದ್ಧಲಿಂಗೇಶ. ಆದರೆ ನನ್ನ ಅತಿ ದೊಡ್ಡ ತಪ್ಪಿಗೆ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತು. ಹೋದ ಕಾರ್ತಿಕದಲ್ಲಿ ತೀರಿಕೊಂಡ ಗಿಟಾರ್ ಮಾಲತೇಶನ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತರೆ, ಆ ತಪ್ಪನ್ನು ಬಿಟ್ಟು ಬರೆಯಲು ಆಗುತ್ತಿಲ್ಲ.

ಮಾಲತೇಶ ಜಡೆ ಅನ್ನುವ ಊರಿನವನು. ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ, ಕರಿ ಹಿಡಿದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅದಕ್ಕೆ ತಾಳ್ಮೆ ಇರುವ ಬೆರಳು ಬೇಕು, ಅವನಿಗೆ ಇತ್ತು. ಹಗಲೆಲ್ಲ ತಾಮ್ರದ ತಂತಿ, ಸಂಜೆಯಾದರೆ ಗಿಟಾರಿನ ತಂತಿ. ಗಿಟಾರಿಗೆ ಬೇಕಾದ ಆಂಪ್ಲಿಫೈಯರನ್ನೂ ಅಂಗಡಿಯಲ್ಲಿ ಕೊಂಡವನಲ್ಲ. ಟ್ರಾನ್ಸ್‌ಫಾರ್ಮರನ್ನು ತಾನೇ ಸುತ್ತಿ, ಹಳೆಯ ಬಾಗಿಲಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿ ಕೂರಿಸಿದ್ದ. ಅದನ್ನು ಎತ್ತಲು ಇಬ್ಬರು ಬೇಕಾಗಿತ್ತು. ಆ ಇಬ್ಬರಲ್ಲಿ ಒಬ್ಬ ಯಾವಾಗಲೂ ನಾನೇ. ನನ್ನ ಸೊಂಟ ಇವತ್ತಿಗೂ ಅದನ್ನು ಮರೆತಿಲ್ಲ.

ನಮ್ಮ ಆರ್ಕೆಸ್ಟ್ರಾದಲ್ಲಿ ಅವನದು ಗಿಟಾರು, ನನ್ನದು ಸೌಂಡು, ಹಾಡು ನಾಗಶ್ರೀಯದು. ಸೊರಬದ ಹುಡುಗಿ, ಗಂಟಲೆಂದರೆ ಗಂಟಲು. ಅವಳು ಹಾಡುವಾಗ ಮಾಲತೇಶ ಕೈ ಸಣ್ಣದು ಮಾಡಿಕೊಳ್ಳುತ್ತಿದ್ದ. ಅವಳು ಉಸಿರು ತೆಗೆದುಕೊಳ್ಳುವ ಕಡೆ ಮಾತ್ರ ಅವನ ಗಿಟಾರು ಎದ್ದು ಕೇಳುತ್ತಿತ್ತು. "ಹಾಡೋರ ಬಾಯಿಗೆ ಅಡ್ಡ ಬರಬಾರ್ದು ಮಾರಾಯ" ಅನ್ನುತ್ತಿದ್ದ. ಹೀಗೆ ಅಡ್ಡ ಬಾರದೆ ಬಾರದೆ ಒಂದು ದಿನ ಅವಳನ್ನೇ ಮದುವೆಯಾದ. ವಲಸೆ ಹಕ್ಕಿ ಬಂದಿಳಿಯುವ ಗುಡವಿ ಕೆರೆಯ ಏರಿ ಮೇಲೆ ಕೂತು ಇಬ್ಬರೂ ಸೇರಿ ಒಂದು ಹಾಡು ಕಟ್ಟಿದ್ದರು. 'ಬಂದ ಹಕ್ಕಿ ಹೋಗುವಾಗ ಕೆರೆಯ ಕೇಳಲಿಲ್ಲ' ಅಂತ ಶುರು. ಮಾತು ಅವಳದು, ರಾಗ ಅವನದು. ಎಲ್ಲಿ ಕಾರ್ಯಕ್ರಮ ಕೊಟ್ಟರೂ ಗಣಪತಿ ಸ್ತುತಿ ಆದಮೇಲೆ ಅದೇ ನಮ್ಮ ಮೊದಲ ಹಾಡು.

ಇಪ್ಪತ್ತೊಂದು ವರ್ಷದ ಹಿಂದೆ ಒಂದು ಹಳ್ಳಿಯ ಗಣಪತಿ ಪೆಂಡಾಲಿನಲ್ಲಿ ಹಾಡಿದ್ದೇ ಆ ಹಾಡಿನ ಕೊನೆ. ಹಾಡು ಮೆಚ್ಚಿದವರು ಸ್ಟೇಜಿಗೇ ಬಂದು ನೋಟು ಕೊಡುವುದು ನಮ್ಮ ಕಡೆ ರೂಢಿ. ಹಾಡಿದವರು ಗಂಡಸರಾದರೆ ಅಂಗಿಗೆ ಪಿನ್ನು ಹಾಕಿ ಚುಚ್ಚುತ್ತಾರೆ, ಹೆಂಗಸರಾದರೆ ಕೈಗೆ ಕೊಟ್ಟು ಇಳಿಯುತ್ತಾರೆ. ಅವತ್ತು ಆ ಊರಿನ ದೊಡ್ಡ ಕುಳವೊಂದು ಕುಡಿದು ಹತ್ತಿ ಬಂದು ನೋಟನ್ನು ನಾಗಶ್ರೀಯ ಸೆರಗಿಗೇ ಚುಚ್ಚಿತು. ಅವಳು ಹಾಡುತ್ತಲೇ ತಿರುಗಿ ಗಂಡನನ್ನು ನೋಡಿದಳು. ಅವನು ತಲೆ ತಗ್ಗಿಸಿ ನುಡಿಸುತ್ತಲೇ ಇದ್ದ. ಆಮೇಲೆ ನನ್ನನ್ನು ನೋಡಿದಳು. ನಾನು ಮೈಕ್ ಆಫ್ ಮಾಡಿದ್ದರೆ ಕಾರ್ಯಕ್ರಮ ಅಲ್ಲೇ ನಿಲ್ಲುತ್ತಿತ್ತು. ಮಾಡಲಿಲ್ಲ. ಮುಂದಿನ ವರ್ಷ ಕರೆಯುವುದಿಲ್ಲ ಅನ್ನುವ ಹೆದರಿಕೆ, ಮತ್ತೇನಿಲ್ಲ.

ಮರುದಿನ ಮಾಲತೇಶ ಹೆಂಡತಿಗೆ, "ಇನ್ನು ನೀ ಹಾಡೋದು ಸಾಕು, ಮನೇಲಿರು" ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾಗಶ್ರೀ ಸ್ಟೇಜನ್ನು ಬಿಟ್ಟಳು, ಅದರ ಜೊತೆಗೆ ಹಾಡುವುದನ್ನೇ ಬಿಟ್ಟಳು. ಅಡುಗೆಮನೆಯಲ್ಲೂ ಗುನುಗಲಿಲ್ಲ. ಮುಂದೆ ಅಂಗನವಾಡಿ ಟೀಚರ್ ಆದಾಗ ಮಕ್ಕಳ ಹಾಡನ್ನೂ ಪಾಠದ ಹಾಗೆ ಓದಿ ಹೇಳುತ್ತಿದ್ದಳಂತೆ. ಮಾಲತೇಶ ಮಾತ್ರ ಬೇರೆ ಬೇರೆ ಹಾಡುಗಾರ್ತಿಯರ ಪಕ್ಕ ನಿಂತು ಇಪ್ಪತ್ತು ವರ್ಷ ನುಡಿಸಿದ. ಆ ಹಾಡನ್ನು ಮಾತ್ರ ಮತ್ತೆ ಮುಟ್ಟಲಿಲ್ಲ.

ಹೋದ ವರ್ಷದ ಆಚೆ ವರ್ಷ ಅವನ ಎಡಗೈಯ ಕಿರುಬೆರಳು ತಂತಿ ಒತ್ತದೆ ಜಾರತೊಡಗಿತು. ಶಿವಮೊಗ್ಗದ ಡಾಕ್ಟರು ನರ ಸವೆಯುವ ಕಾಯಿಲೆ ಅಂದರು. ಮೊದಲು ಕೈ, ಆಮೇಲೆ ನಾಲಿಗೆ, ಕೊನೆಗೆ ಉಸಿರು, ಔಷಧ ಇಲ್ಲ. ಹೋದ ಬೇಸಿಗೆಯಲ್ಲಿ ಅವನು ಸೊರಬದಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಬಂದ.

"ಸಿದ್ಧಣ್ಣ, ನನ್ನ ಪೆಟ್ಟಿಗೆನ ನಿನ್ನ ಕಂಪ್ಯೂಟರಿಗೆ ಸೇರಿಸ್ಬೋದಾ?"

"ಯಾಕಪ್ಪಾ?"

"ಆ ಗುಡವಿ ಹಾಡು ನುಡಿಸಿ ಇಡ್ಬೇಕು. ಬರೀ ಗಿಟಾರು. ಅವಳು ಹಾಡೋ ಜಾಗ ಹಂಗೇ ಬಿಟ್ಟಿರ್ತೀನಿ. ಮುಂದೆ ಯಾವಾಗಾದ್ರೂ ಅದರ ಮೇಲೆ ಹಾಡ್ಲಿ."

"ಹಾಡು ಬಿಡಿಸಿದಾವ ನೀನು. ಆಕಿ ಈಗ ಹಾಡ್ತಾಳೇನು?"

ಅವನು ಜಾರುವ ಕಿರುಬೆರಳನ್ನು ಬಲಗೈಯಿಂದ ನೀವಿಕೊಂಡ. "ಅದಕ್ಕೆ ಮೊದ್ಲು ತಪ್ಪಾಯ್ತು ಅನ್ಬೇಕು. ಎದುರು ನಿಂತ್ರೆ ಬಾಯಿ ಬರಲ್ಲ ಮಾರಾಯ. ಅದನ್ನೂ ಅದರಲ್ಲೇ ಹೇಳಿಡ್ತೀನಿ, ಹಾಡಿಗೆ ಮುಂಚೆ. ನಾ ಹೋದ್ಮೇಲೆ ಕೇಳ್ಲಿ."

ಮೊಬೈಲಿನಲ್ಲೇ ಮಾಡು ಅಂದೆ. ಅವನ ಮನೆಯ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಮೊಬೈಲಿನಲ್ಲಿ ಗಿಟಾರಿಗಿಂತ ಗಿರಣಿಯೇ ಜೋರು ಬರುತ್ತದೆ ಅಂದ. ಆಗ ನಾನು ದೊಡ್ಡ ಪಂಡಿತನ ಹಾಗೆ, "ಹಂಗಾದ್ರ ವೈರಿನಾಗೇ ತಗೊಳ್ಳೋಣ ಬಿಡು. ವೈರಿಗೆ ಗಿರಣಿ ಕೇಳಂಗಿಲ್ಲ" ಅಂದೆ. ಹೇಳಿದವನು ನಾನೇ. ಹೇಳಿದ ಮಾತಿನ ಅರ್ಥ ನನಗೇ ತಿಳಿಯಲಿಲ್ಲ.

ನಮ್ಮ ಮನೆಯ ಹಳೇ ಕಂಪ್ಯೂಟರನ್ನು ಓಮ್ನಿಯಲ್ಲಿ ಹಾಕಿಕೊಂಡು ಸೊರಬಕ್ಕೆ ಹೋದೆ. ಕಂಪ್ಯೂಟರ್ ರಿಪೇರಿ ಮಾಡುವ ಸುರೇಂದ್ರ ಮೊದಲೇ ಎಚ್ಚರಿಸಿದ್ದ: ಸ್ಪೀಕರಿಗೆ ಹೋಗುವ ವೈರನ್ನು ಕಂಪ್ಯೂಟರಿಗೆ ಚುಚ್ಚಿದರೆ ಸುಟ್ಟು ಬೂದಿ, ಸ್ಪೀಕರಿಗಿಂತ ಹಿಂದೆಯೇ ಸಣ್ಣ ಸಿಗ್ನಲ್ ತೆಗೆದುಕೊಳ್ಳಿ ಅಂತ. ಮಾಲತೇಶ ಪೆಟ್ಟಿಗೆಯ ಬೆನ್ನು ಬಿಚ್ಚಿ ಎಲ್ಲಿಂದ ತೆಗೆಯಬೇಕು ಅಂತ ತೋರಿಸಿದ. ಅವನ ಕೈಗೆ ಸೋಲ್ಡರಿಂಗ್ ಕಡ್ಡಿ ನಿಲ್ಲುತ್ತಿರಲಿಲ್ಲ, ನಾನೇ ಬೆಸೆದೆ. ಅವನ ಪೆಟ್ಟಿಗೆಯ ಕಡೆಗೆ ದಪ್ಪ ಪಿನ್ನು, ಕಂಪ್ಯೂಟರಿನ ಕಡೆಗೆ ಸಣ್ಣ ಪಿನ್ನು. ಚುಚ್ಚಿದ ಕೂಡಲೇ ಗುಂಯ್ ಅನ್ನುವ ಸದ್ದು. ಅರ್ತಿಂಗ್ ಸರಿಯಿರಲಿಲ್ಲ. ನಾಗಶ್ರೀಗೆ ಹೇಳಿದೆವು, ಅವಳು ಹಿತ್ತಲಿನ ಅರ್ತ್ ಗುಂಡಿಗೆ ಎರಡು ಕೊಡ ಉಪ್ಪುನೀರು ಸುರಿದು ಬಂದಳು. ಸದ್ದು ಇಳಿಯಿತು.

"ಏನ್ ಮಾಡ್ತಿದ್ದೀರಿ ಇಬ್ರೂ?" ಅಂತ ಕೇಳಿದಳು.

"ಏನಿಲ್ಲ, ಟೆಸ್ಟಿಂಗು" ಅಂದ ಮಾಲತೇಶ.

"ಕೈ ಎತ್ತೋಕೆ ಆಗಲ್ಲ, ಟೆಸ್ಟಿಂಗಂತೆ" ಅಂದು ಅಂಗನವಾಡಿಗೆ ಹೋದಳು. ಆಮೇಲೆ ದಿನಾ ಹೋಗುವ ಮುಂಚೆ ಯಾರೂ ಹೇಳದಿದ್ದರೂ ಗುಂಡಿಗೆ ಒಂದು ಕೊಡ ನೀರು ಹಾಕಿಯೇ ಹೋಗುತ್ತಿದ್ದಳು.

ಒಂಬತ್ತು ದಿನ ಬೇಕಾಯಿತು. ಮೊದಲ ಎರಡು ಸಾಲು ಸರಿ ಬಂದರೆ ಮೂರನೆಯದರಲ್ಲಿ ಬೆರಳು ಜಾರುತ್ತಿತ್ತು. ಅವನು ಕೈಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಮತ್ತೆ ಹಿಡಿಯುತ್ತಿದ್ದ. ನೋಡಲಾಗದೆ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಒಂಬತ್ತನೆಯ ದಿನ ಬೆರಳು ಹೇಗೋ ಒಪ್ಪಿಕೊಂಡವು. ಒಮ್ಮೆ ನುಡಿಸಿ ನೋಡಿ, "ಈಗ ಹಾಕು ಸಿದ್ಧಣ್ಣ. ನೀ ಹೊರಗೆ ಹೋಗು. ಮಾತಾಡಿ ಮುಗಿಸಿ ಹಂಗೇ ನುಡಿಸ್ತೀನಿ. ಆ ಮಾತು ನೀ ಯಾವತ್ತೂ ಕೇಳ್ಬಾರ್ದು, ಆಣೆ ಮಾಡು" ಅಂದ. ಆಣೆ ಮಾಡಿ, ರೆಕಾರ್ಡ್ ಒತ್ತಿ, ಬಾಗಿಲು ಎಳೆದುಕೊಂಡು ಗಿರಣಿಯ ಕಟ್ಟೆಯ ಮೇಲೆ ಹೋಗಿ ಕೂತೆ. ಗಿರಣಿಯ ಸದ್ದಿನಲ್ಲಿ ಒಳಗಿನದು ಏನೂ ಕೇಳುತ್ತಿರಲಿಲ್ಲ. ಅವನು ಬಾಗಿಲು ತೆರೆದಾಗ ಕಣ್ಣು ಕೆಂಪಗಿದ್ದವು. "ಆಯ್ತು. ಎದೆ ಹಗುರಾಯ್ತು ಮಾರಾಯ" ಅಂದ.

ಹಾಡಿನ ಭಾಗವನ್ನಷ್ಟೇ ಹಾಕಿ ಕೇಳಿದೆ. ಒಂದು ತಪ್ಪಿಲ್ಲ. ಅವಳ ಸಾಲು ಬರುವ ಕಡೆಯೆಲ್ಲ ಗಿಟಾರು ಸಣ್ಣದಾಗಿ ತಾಳ ಹಿಡಿದು ಕಾಯುತ್ತಿತ್ತು. ಪರದೆಯ ಮೇಲೆ ಸದ್ದಿನ ಗೆರೆ ಹಾಡಿನುದ್ದಕ್ಕೂ ಏರಿ ಇಳಿದಿತ್ತು. ಅದಕ್ಕೂ ಮುಂಚಿನ ಎರಡು ನಿಮಿಷ ಮಾತ್ರ ಸಪಾಟಾಗಿತ್ತು. ಅದನ್ನು ನೋಡಿದೆ. ಪಾಪ, ಮೆಲ್ಲಗೆ ಮಾತಾಡಿದ್ದಾನೆ ಅಂದುಕೊಂಡೆ. ಆಣೆ ಮಾಡಿದ್ದೆನಲ್ಲ, ಕೇಳಲು ಹೋಗಲಿಲ್ಲ.

ಆಮೇಲೆ ಅವನು ಆರು ತಿಂಗಳು ಬದುಕಿದ್ದ. ಅದರಲ್ಲಿ ಮೂರು ತಿಂಗಳು ಮಾತು ನೆಟ್ಟಗಿತ್ತು. ಕೈ ಪೂರ್ತಿ ಬಿದ್ದಿತ್ತು, ನಾಗಶ್ರೀಯೇ ಉಣಿಸುತ್ತಿದ್ದಳು. ನಾನು ಹೋದಾಗೆಲ್ಲ ಇಬ್ಬರೂ ಗ್ಯಾಸ್ ಸಿಲಿಂಡರು, ರೇಷನ್ನು, ಅಂಗನವಾಡಿಯ ಮೊಟ್ಟೆ ಅಂತ ಮಾತಾಡುತ್ತಿದ್ದರು. ಒಮ್ಮೆ ಅವಳು ಒಳಗೆ ಹೋದಾಗ, "ಎದುರಿಗೇ ಒಂದ್ ಮಾತು ಹೇಳಿಬಿಡೋ" ಅಂದೆ. ಅವನು ನಕ್ಕ. "ಹೇಳಿ ಆಯ್ತಲ್ಲ ಸಿದ್ಧಣ್ಣ." ನಾನೂ ಹೌದು ಅಂತ ತಲೆಯಾಡಿಸಿ ಎದ್ದು ಬಂದೆ.

ಅವನು ಹೋಗಿ ಎರಡು ತಿಂಗಳಿಗೆ ನಾಗಶ್ರೀ ಒಬ್ಬಳೇ ನಮ್ಮ ಮನೆಗೆ ಬಂದಳು. "ಸಿದ್ಧಣ್ಣನ ಹತ್ರ ನಿಂಗೆ ಒಂದು ಇಟ್ಟಿದ್ದೀನಿ, ಆಮೇಲೆ ಕೇಳು ಅಂದಿದ್ರು" ಅಂದಳು. ಕಂಪ್ಯೂಟರಿನ ಮುಂದೆ ಕೂರಿಸಿ ಹೆಡ್‌ಫೋನ್ ಕೊಟ್ಟೆ. ನಾನು ಬಾಗಿಲ ಹತ್ತಿರ ನಿಂತೆ. ಅವಳು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಮುಂದಕ್ಕೆ ಬಾಗಿದಳು. ಸದ್ದು ಹೆಚ್ಚು ಮಾಡಿ ಅಂತ ಕೈಸನ್ನೆ ಮಾಡಿದಳು, ಮಾಡಿದೆ. ಮತ್ತೆ ಸನ್ನೆ ಮಾಡಿದಳು. ಇದ್ದಕ್ಕಿದ್ದ ಹಾಗೆ ಬೆಚ್ಚಿ ಹೆಡ್‌ಫೋನ್ ಕಿತ್ತಳು. ಗಿಟಾರು ಶುರುವಾಗಿತ್ತು.

"ಮೊದ್ಲಿಗೆ ಏನೂ ಇಲ್ವಲ್ಲ ಸಿದ್ಧಣ್ಣ?"

ಆಣೆ ಮುರಿದು ನಾನೇ ಕಿವಿಗೆ ಹಾಕಿಕೊಂಡೆ. ಸಣ್ಣಗೆ ಗುಂಯ್ ಅನ್ನುತ್ತಿತ್ತು, ಅವಳು ದಿನಾ ನೀರು ಹಾಕಿ ಇಳಿಸುತ್ತಿದ್ದ ಅದೇ ಸದ್ದು. ಬೇರೇನೂ ಇಲ್ಲ. ಗಿರಣಿ ಇಲ್ಲ, ಮಾಲತೇಶನೂ ಇಲ್ಲ. ವೈರು ಗಿಟಾರಿನ ತಂತಿಯ ಸದ್ದನ್ನಷ್ಟೇ ತೆಗೆದುಕೊಂಡಿತ್ತು. ಮಾತಿಗೆ ಬೇರೆ ಮೈಕ್ ಇಡಬೇಕಿತ್ತು. ನಮ್ಮ ಸ್ಟೇಜಿನಲ್ಲಿ ಯಾವ ಮೂಲೆಯಲ್ಲಿ ಯಾರು ಕೆಮ್ಮಿದರೂ ಯಾವುದೋ ಒಂದು ಮೈಕು ಎಳೆದುಕೊಳ್ಳುತ್ತಿತ್ತು. ಬೇಡದ ಸದ್ದು ತಡೆಯುವುದೇ ಮೂವತ್ತು ವರ್ಷ ನನ್ನ ಕೆಲಸ. ಬೇಕಾದ ಮಾತು ಬೀಳದೇ ಹೋಗಬಹುದು ಅಂತ ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎಲ್ಲ ಹೇಳಿದೆ. ಹೇಳುವಾಗ ಅವಳ ಮುಖ ನೋಡಲು ಆಗಲಿಲ್ಲ.

"ಏನ್ ಹೇಳಿದ್ರು?"

"ನಾ ಹೊರಗಿದ್ದೆ ತಂಗಿ. ತಪ್ಪಾಯ್ತು ಅನ್ಬೇಕು ಅಂತಿದ್ದ. ಆ ಗಣಪತಿ ಕಾರ್ಯಕ್ರಮದ್ದು." ಆಮೇಲೆ ಇಪ್ಪತ್ತೊಂದು ವರ್ಷ ನುಂಗಿಕೊಂಡಿದ್ದ ಮಾತೂ ಬಂತು. "ನಂದೂ ತಪ್ಪಾಯ್ತು. ಅವತ್ತು ನಾ ಮೈಕ್ ಆಫ್ ಮಾಡ್ಬೇಕಿತ್ತು."

ಅವಳು ಅಳಲಿಲ್ಲ. "ಆರು ತಿಂಗಳು ನನ್ನ ಕೈಯಿಂದಲೇ ಉಂಡ್ರು ಸಿದ್ಧಣ್ಣ" ಅಂದಳು. "ಬಾಯಿ ಒರೆಸ್ತಿದ್ದೆ. ಅಷ್ಟು ಹತ್ರ ಇತ್ತು ನನ್ನ ಕಿವಿ." ಅಷ್ಟು ಹೇಳಿ ಪರದೆಯ ಮೇಲಿನ ಆ ಸಪಾಟು ಗೆರೆಯುದ್ದಕ್ಕೂ ಬೆರಳು ಎಳೆದಳು. ಆಮೇಲೆ ಕೇಳಿದಳು. "ಈಗ ಮೈಕ್ ಇದ್ಯಾ?"

ಇತ್ತು. ತಂದು ಜೋಡಿಸಿದೆ. ಅವನ ಗಿಟಾರು ಮೇಲಿನ ಸಾಲಿನಲ್ಲಿ ಓಡುತ್ತಿದ್ದರೆ, ಇವಳ ದನಿ ಕೆಳಗಿನ ಸಾಲಿನಲ್ಲಿ ಬೀಳುವ ಹಾಗೆ ಮಾಡಿದೆ. ಕೊನೆಗೂ ಹಾಡುತ್ತಾಳೆ ಅಂದುಕೊಂಡೆ. "ನೀವು ಸ್ವಲ್ಪ ಹೊರಗಿರಿ" ಅಂದಳು. ಅವನ ಹಾಗೆಯೇ ಅಂದಳು. ರೆಕಾರ್ಡ್ ಒತ್ತಿ, ಬಾಗಿಲು ಹಾಕಿಕೊಂಡು ಅಂಗಳದ ತುದಿಗೆ ಹೋಗಿ ನಿಂತೆ. ಹಾಡು ಮುಗಿಯುವಷ್ಟು ಹೊತ್ತಾದ ಮೇಲೆ ಅವಳು ಹೊರಗೆ ಬಂದು, "ಬಸ್ಸಿಗೆ ಹೊತ್ತಾಯ್ತು, ಬರ್ತೀನಿ" ಅಂದು ಹೊರಟಳು. ಚಹಾಕ್ಕೂ ನಿಲ್ಲಲಿಲ್ಲ.

ಒಳಗೆ ಬಂದು ಪರದೆ ನೋಡಿದೆ. ಮೇಲಿನ ಸಾಲು ಅವನದು, ಮೊದಲ ಎರಡು ನಿಮಿಷ ಸಪಾಟು, ಆಮೇಲೆ ಹಾಡು. ಕೆಳಗಿನ ಸಾಲು ಅವಳದು. ಅವನದು ಸಪಾಟಾಗಿದ್ದ ಆ ಎರಡು ನಿಮಿಷವೂ ಅವಳ ಗೆರೆ ಏರಿ ಇಳಿದು ತುಂಬಿಕೊಂಡಿತ್ತು. ಗಿಟಾರು ಶುರುವಾದಲ್ಲಿಂದ ಕೊನೆಯ ತನಕ ಅವಳ ಗೆರೆ ಸಪಾಟು. ಅವನು ಬಿಟ್ಟ ಜಾಗ ಬಿಟ್ಟ ಹಾಗೆಯೇ ಇದೆ.

ಅವಳು ಅವನಿಗೆ ಏನು ಹೇಳಿದಳೋ, ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಈ ಸಲ ಮಾತು ಬಿದ್ದಿದೆ, ಅದು ಮಾತ್ರ ಗೊತ್ತು. ಹೊರಗೆ ಹೋಗುವ ಮೊದಲು ಮೈಕ್ ಆನ್ ಇದೆಯೋ ಅಂತ ಮೂರು ಸಲ ನೋಡಿದ್ದೆ.