ಎಡಗಾಲಿನ ಮೊದಲ ಹೆಜ್ಜೆ

ಬೆಳಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಸುಂದರ ಮಂಚದ ಅಂಚಿನಲ್ಲಿ ಕುಳಿತು ಎಡಗಾಲನ್ನು ನೆಲಕ್ಕೆ ಊರಲು ಧೈರ್ಯ ತಂದುಕೊಳ್ಳುತ್ತಿದ್ದ. ಊರಿದ. ಹಿಮ್ಮಡಿಗೆ ಮೊಳೆ ಹೊಡೆದಂತಾಯಿತು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನೋವು ಅರ್ಧಕ್ಕಿಳಿದಿತ್ತು. "ಎಂತದೂ ಇಲ್ಲ, ನಡೆದ್ರೆ ಹೋಗ್ತದೆ" ಎಂದು ದಿನವೂ ಹೇಳುವುದನ್ನೇ ಹೇಳಿ ಖಾಕಿ ಅಂಗಿ ತೊಟ್ಟ.

ಕುಲಶೇಖರದಿಂದ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಸಿಟಿ ಬಸ್ಸಿನ ಕಂಡಕ್ಟರ್ ಅವನು. ಸೀಟು ಖಾಲಿಯಿದ್ದರೂ ಕುಳಿತವನಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಂಬಿ ಹಿಡಿದು ಕೆಳಕ್ಕೆ ಹಾರುವುದು, ನಾಲ್ಕು ಹೆಜ್ಜೆ ಜೊತೆಗೇ ಓಡುವುದು, ಮುದುಕಿಯರ ಚೀಲ ಇಳಿಸಿ ಸೀಟಿ ಊದಿ ಹೊರಟ ಬಸ್ಸಿಗೆ ಮತ್ತೆ ಹಾರುವುದು. ಕಂಡಕ್ಟರ್ ಅಂದರೆ ಹೀಗೆ ಎಂದು ಅವನು ನಂಬಿದ್ದ. ನೋಡಿದವರೂ ಒಪ್ಪುತ್ತಿದ್ದರು.

ಸಂಜೆ ಹೆಂಡತಿ ಶಶಿಪ್ರಭಾ ಇಟ್ಟಿಗೆ ಕಾಯಿಸಿ, ಎಕ್ಕದ ಎಲೆ ಹರಡಿ, ಅದರ ಮೇಲೆ ಹಿಮ್ಮಡಿ ಒತ್ತಿಸುತ್ತಿದ್ದಳು. ಆ ಹೊತ್ತಿಗೆ ಹಿತವಾಗುತ್ತಿತ್ತು. ಬೆಳಗಾದರೆ ಮೊಳೆ ಅಲ್ಲೇ. ಕೊನೆಗೆ ತೆಗೆಸಿದ ಎಕ್ಸ್‌ರೇಯಲ್ಲಿ ಹಿಮ್ಮಡಿಯ ಎಲುಬಿಗೊಂದು ಸಣ್ಣ ಮುಳ್ಳು ಬೆಳೆದದ್ದು ಕಂಡಾಗ ಸುಂದರನಿಗೆ ಒಳಗೊಳಗೇ ಸಮಾಧಾನವಾಯಿತು; ಎಲುಬೇ ಬೆಳೆದರೆ ಯಾರು ಎಂತ ಮಾಡಲಿಕ್ಕಾಗುತ್ತದೆ?

ಮಗಳು ಚೈತಾಲಿ ಫಿಸಿಯೋಥೆರಪಿ ಕಲಿತು ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಅವಳು ಎಕ್ಸ್‌ರೇಯನ್ನು ಬದಿಗಿಟ್ಟಳು.

"ಮುಳ್ಳನ್ನು ಬಿಡಿ ಅಪ್ಪ. ನೋವೇ ಇಲ್ಲದವರಲ್ಲೂ ಅದು ಇರ್ತದೆ. ಹಿಮ್ಮಡಿಯಿಂದ ಬೆರಳಿನ ಬುಡಕ್ಕೆ ಅಂಗಾಲಲ್ಲಿ ಒಂದು ಗಟ್ಟಿ ಪಟ್ಟಿ ಉಂಟು. ರಾತ್ರಿ ಅದು ಬಿಗೀತದೆ. ಬೆಳಗ್ಗೆ ಒಮ್ಮೆಲೇ ಭಾರ ಹಾಕಿದ್ರೆ ಎಳೀತದೆ. ಅದಕ್ಕೇ ಮೊದಲ ಹೆಜ್ಜೆ ಜೋರು. ಸೊನ್ನೆಯಿಂದ ಹತ್ತರ ಒಳಗೆ ಹೇಳಿ, ನೋವು ಎಷ್ಟು?"

"ಎರಡು."

"ಸರಿ ನೋಡಿ ಹೇಳಿ ಅಪ್ಪ."

"ಎರಡು ಅಂದ್ರೆ ಎರಡು. ನಾನೆಂತ ಅಳುವವನಾ?"

ಎರಡಕ್ಕೆ ತಕ್ಕ ವ್ಯಾಯಾಮ ಹೇಳಿಕೊಟ್ಟಳು. ಕೆಲಸ ನಿಲ್ಲಿಸಬೇಕಾಗಿಲ್ಲ ಎಂದಳು. ತಿಂಗಳು ಕಳೆದರೂ ಗುಣವಿಲ್ಲ. ತಾನು ಕಲಿತದ್ದರಲ್ಲೇ ತಪ್ಪಿದೆಯೋ ಎಂದು ಅವಳು ಪುಸ್ತಕ ತೆರೆದು ಕೂರುವುದನ್ನು ಸುಂದರ ಬಾಗಿಲಲ್ಲಿ ನಿಂತು ನೋಡಿ, ಮೆಲ್ಲಗೆ ಹಿಂದೆ ಸರಿದ.

ಆ ಹೊತ್ತಿಗೆ ಅವನು ಕುಂಟುವುದನ್ನು ಕಂಡ ಬಸ್ಸಿನ ಮಾಲೀಕ ತುಷಾರ್ ಕರೆದು ಹೇಳಿದ: "ಸುಂದರಣ್ಣ, ಪಂಪ್‌ವೆಲ್‌ನಲ್ಲಿ ನಮ್ಮ ಬಸ್ಸುಗಳ ಟೈಮ್ ನೋಡಿಕೊಳ್ಳುವ ಕುರ್ಚಿ ಖಾಲಿ ಉಂಟು. ಇನ್ನು ಅಲ್ಲೇ ಕೂತ್ಕೊಳ್ಳಿ." ಪ್ರೀತಿಯಿಂದ ಹೇಳಿದ ಮಾತೇ. ಸುಂದರನಿಗೆ ಮಾತ್ರ ಬಸ್ಸಿನಿಂದ ಇಳಿಸಿಬಿಟ್ಟಂತಾಯಿತು; ಒಪ್ಪದೆ ಬಸ್ಸಿಗೇ ಹೋದ.

ಅದರ ಮರುದಿನ ಚೈತಾಲಿಯ ಸ್ಕೂಟರ್ ಕೈಕೊಟ್ಟಿತು. ಅವಳು ಅಪ್ಪನ ಬಸ್ಸನ್ನೇ ಹತ್ತಿದಳು. ಪ್ರತಿ ಸ್ಟಾಪಿನಲ್ಲೂ ಅಪ್ಪ ಹಾರುವುದು, ಎಡ ಹಿಮ್ಮಡಿಯೇ ಮೊದಲು ಕಾಂಕ್ರೀಟಿಗೆ ಬಡಿಯುವುದು, ತುಟಿ ಕಚ್ಚಿಕೊಂಡು ಸೀಟಿ ಊದುವುದು ಎಲ್ಲ ಕಂಡಳು.

"ಎಂತ ಸುಂದರಣ್ಣ, ಡ್ಯಾನ್ಸಾ?" ಎಂದು ಡ್ರೈವರ್ ಹಿಶಾಮ್ ಕನ್ನಡಿಯಲ್ಲಿ ನೋಡಿ ನಕ್ಕ.

ಟಿಕೆಟ್ ಕೊಡಲು ಬಂದ ಅಪ್ಪನ ಕೈಯನ್ನು ಚೈತಾಲಿ ಹಿಡಿದುಕೊಂಡಳು. "ಅಪ್ಪ, ನೀವು ಎರಡು ಅಂತ ಹೇಳಿದ್ದನ್ನು ನಂಬಿ ನಾನು ಮದ್ದು ಮಾಡಿದೆ. ಈಗ ಹೇಳಿ. ಎಷ್ಟು?"

ಸುಂದರ ಕಿಟಕಿಯಾಚೆ ನೋಡಿದ. ಅವಳು ಪುಸ್ತಕದ ಮುಂದೆ ಕುಳಿತದ್ದು ನೆನಪಾಯಿತು. ಇಂಜಿನ್ನಿನ ಗದ್ದಲದಲ್ಲಿ ಮೆಲ್ಲಗೆ ಹೇಳಿದರೆ ಕೇಳಿಸುವಂತಿರಲಿಲ್ಲ, ಗಟ್ಟಿಯಾಗಿಯೇ ಹೇಳಿದ: "ಎಂಟು!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚೈತಾಲಿ ನಗಲಿಲ್ಲ. "ಈಗ ಗುಣ ಮಾಡಬಹುದು" ಎಂದಳು.

ಮಳೆಗಾಲವಿಡೀ ಸುಂದರ ಪಂಪ್‌ವೆಲ್‌ನ ಕುರ್ಚಿಯಲ್ಲಿ ಕುಳಿತ. ಶಾಶ್ವತವಾಗಿ ಅಲ್ಲ, ಕಾಲಿಗೆ ಬೀಳುವ ಪೆಟ್ಟು ತಗ್ಗಲಿ ಎಂದು. ಹಾಗೆಂದು ತುಷಾರ್‌ನನ್ನು ಒಪ್ಪಿಸಿದವಳು ಚೈತಾಲಿ. ಬೆಳಗ್ಗೆ ಏಳುವ ಮೊದಲು ಮಂಚದಲ್ಲೇ ಕಾಲ್ಬೆರಳುಗಳನ್ನು ಮೇಲಕ್ಕೆಳೆದು ಹಿಡಿಯುವುದು, ಗೋಡೆಗೆ ಕೈಯೂರಿ ಮೀನಖಂಡ ಹಿಗ್ಗಿಸುವುದು ನಡೆಯಿತು. ಆಮೇಲೆ ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು ಹಿಮ್ಮಡಿಯನ್ನು ನಿಧಾನಕ್ಕೆ ಎತ್ತಿ ಇಳಿಸುವುದು. ಆ ಪಟ್ಟಿಗೆ ಬರೀ ವಿಶ್ರಾಂತಿ ಸಾಲದು, ಬಲವೂ ಬರಬೇಕು ಎಂದಿದ್ದಳು. ಸವೆದ ಚಪ್ಪಲಿ ಹೋಗಿ ಮೆತ್ತನೆಯ ಶೂ ಬಂತು.

ಜಗಳವಾದದ್ದು ಒಂದೇ ವಿಷಯಕ್ಕೆ. ಬರಿಗಾಲಲ್ಲಿ ಟೈಲ್ಸ್ ಮೇಲೆ ಓಡಾಡಬಾರದು, ಚಪ್ಪಲಿ ಹಾಕಬೇಕು ಎಂದು ಚೈತಾಲಿ ಹೇಳಿದಾಗ ಶಶಿಪ್ರಭಾ ಸಿಡಿದಳು.

"ಮನೆ ಒಳಗೆ ಚಪ್ಪಲಿಯಾ? ದೇವರ ಕೋಣೆ ಇರುವ ಮನೆ ಮಾರಾಯ್ತಿ ಇದು!"

"ಅಮ್ಮ, ದೇವರ ಕೋಣೆಗೆ ಹಾಕಿ ಅಂತ ಹೇಳ್ಲಿಲ್ಲ."

ಎರಡು ದಿನ ಸುಂದರ ಬರಿಗಾಲಲ್ಲೇ ಓಡಾಡಿದ. ಮೂರನೆಯ ಬೆಳಗ್ಗೆ ಮಂಚದ ಬುಡದಲ್ಲಿ ಹೊಸ ಮೆತ್ತನೆಯ ಚಪ್ಪಲಿ ಇತ್ತು. ತಂದಿಟ್ಟದ್ದು ಯಾರೆಂದು ಯಾರೂ ಕೇಳಲಿಲ್ಲ.

ನವರಾತ್ರಿಯ ಹೊತ್ತಿಗೆ ಮೊದಲ ಹೆಜ್ಜೆ ಬರೀ ಹೆಜ್ಜೆಯಾಯಿತು. ಸುಂದರ ಕುರ್ಚಿ ಬಿಟ್ಟು ಬಸ್ಸು ಹತ್ತಿದ. ಮೊದಲ ಸ್ಟಾಪಿನಲ್ಲಿ ಹಿಶಾಮ್ ಬಸ್ಸನ್ನು ಪೂರ್ತಿ ನಿಲ್ಲಿಸಿ ಹಿಂದೆ ತಿರುಗಿದ: "ಇಳಿಯಿರಿ ಸುಂದರಣ್ಣ. ಇನ್ನು ಹಾರುವುದು ಇಲ್ಲ. ನೀವು ಇಳಿದು ಹತ್ತುವವರೆಗೆ ನನ್ನ ಚಕ್ರ ತಿರುಗುವುದಿಲ್ಲ."

"ಟೈಮಿಂಗ್ ತಪ್ಪಿದ್ರೆ?"

"ತಪ್ಪಲಿ ಮಾರಾಯ್ರೆ."

ಸುಂದರ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಒಬ್ಬ ಮುದುಕಿಗೆ ಕೈ ಕೊಟ್ಟು, ತಲೆಯೆತ್ತಿ ಸೀಟಿ ಊದಿದ. ಹಾರದೆಯೂ ಕಂಡಕ್ಟರನೇ ಎಂದು ಅವನಿಗೆ ಅಂದು ಖಾತ್ರಿಯಾಯಿತು.

ಮಧ್ಯಾಹ್ನ ಸ್ಟೇಟ್‌ಬ್ಯಾಂಕಿನಲ್ಲಿ ಚಹಾ ಕುಡಿಯುವಾಗ ಹಿಶಾಮ್ ಸೊಂಟ ಹಿಡಿದುಕೊಂಡು ಎದ್ದ.

"ಸೊಂಟವಾ? ಹತ್ತರಲ್ಲಿ ಎಷ್ಟು?" ಎಂದು ಸುಂದರ ಕೇಳಿದ.

"ಎಂತದೂ ಇಲ್ಲ. ಎರಡು ಇರಬಹುದು."

ಸುಂದರ ಗ್ಲಾಸು ಕೆಳಗಿಟ್ಟ. "ಸುಳ್ಳು ಬೇಡ ಹಿಶಾಮ್. ನಾನೂ ಅದನ್ನೇ ಹೇಳಿದ್ದು. ನಾಳೆ ನನ್ನ ಮಗಳ ಹತ್ರ ಹೋಗು. ನಾನು ಆವತ್ತು ಬಸ್ಸಿನಲ್ಲಿ ಎಲ್ಲರ ಎದುರು ಎಂಟು ಅಂತ ಹೇಳಿದೆ ನೋಡು, ಹಾಗೆ ಇದ್ದದ್ದನ್ನು ಗಟ್ಟಿಯಾಗಿ ಹೇಳು."