ಮುತ್ಯಾ ಬರೆಸಿದ ‘ಒಂದು’

ರೇಣುಕಾ, ಬಸು, ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡು ವರ್ಷವಾಯಿತು. ಹೋದ ಸೋಮವಾರ ನಡುಮಧ್ಯಾಹ್ನ ಅವರು ನಮ್ಮ ಬಾವಿಯ ಮೋಟರ್ ಚಾಲೂ ಮಾಡಿದರು.

ನಗಬೇಡಿ.

ನಮ್ಮೂರು ಸಗರದ ಹೊಲದಲ್ಲಿ ಪಂಪಿನ ಬೆಲ್ಟಿಗೆ ಹುಲ್ಲು ಸುತ್ತಿಕೊಂಡಿತ್ತು. ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯ ಬಟನ್ ಒತ್ತಿ ಅದನ್ನು ನಿಲ್ಲಿಸಿದೆ. ಗೋಡೆಯ ಮೇನ್ ಸ್ವಿಚ್ಚಿನ ಹ್ಯಾಂಡಲ್ ಮಾತ್ರ ಇಳಿಸಲಿಲ್ಲ. (ಅದನ್ನು ಕೊನೆಯ ಸಲ ಏರಿಸಿದ್ದು ಮುತ್ಯಾನ ಕೈ. ಆಮೇಲೆ ನಾನದನ್ನು ಮುಟ್ಟಿಲ್ಲ. ಯಾರಿಗೂ ಹೇಳಿಲ್ಲ, ನಾಚಿಕೆ.) ಪಕ್ಕದ ಹೊಲದ ನಾಗವ್ವ ಕೂತು ಹುಲ್ಲು ಕೀಳತೊಡಗಿದಳು.

ಕರೆಂಟ್ ಹೋಯಿತು. ಪೆಟ್ಟಿಗೆಯ ಕೆಂಪು ದೀಪ ಆರಿತು. ತುಸು ಹೊತ್ತಿಗೆ ಮತ್ತೆ ಹೊತ್ತಿತು. ಯಾರೂ ಬಟನ್ ಮುಟ್ಟಲಿಲ್ಲ. ಮೋಟರ್ ಮುಲುಗಿತು, ತಿರುಗಿತು.

ನಾಗವ್ವನ ಸೆರಗು ಹರಿದು ಬೆಲ್ಟಿನೊಳಗೆ ಹೋಯಿತು. ಕೈ ಉಳಿಯಿತು.

“ಯಕ್ಕಾ, ನಿನ್ನ ಗಂಡ ಸತ್ತ ಮ್ಯಾಲೂ ನನ್ನ ಕೂಡ ಜಗಳ ಬಿಡವಲ್ಲ!” ಎಂದಳು. ನಗುತ್ತಲೇ ಹೇಳಿದಳು, ಆದರೆ ಹಲ್ಲು ಕಟಕಟ ಎನ್ನುತ್ತಿದ್ದವು.

ಕರೆಂಟ್ ಬಂದಾಗ ತಾನೇ ಶುರುವಾಗುವುದು ಆ ಪೆಟ್ಟಿಗೆಯ ರೂಢಿ. ಆದರೆ ನಾನೇ ನಿಲ್ಲಿಸಿದ್ದನ್ನು ಮತ್ತೆ ಎಬ್ಬಿಸಿದ್ದು ಯಾರು?

ಪೆಟ್ಟಿಗೆ ಮಾಡಿಕೊಟ್ಟ ಮೆಹಬೂಬ ಶಹಾಪುರದಿಂದ ಬಂದ.

“ದೆವ್ವ ಅಲ್ರಿ ಕಾಕಿ. ಕರೆಂಟ್ ಹೋದ್ರ ಪೆಟ್ಟಿಗ್ಯಾಗಿನ ಚಿಪ್ ನೀವು ಹೇಳಿದ್ದೆಲ್ಲಾ ಮರೀತದ. ಬಂದ ಕೂಡ್ಲೆ, ಕೆಲಸಕ್ಕ ಇಳಿಯೋ ಮೊದ್ಲ, ಕರೆಂಟ್ ಹೋದ್ರೂ ಅಳಿಸದ ಜಾಗದಾಗ ಬರದಿಟ್ಟ ಅಂಕಿ ತಂದು ನೆನಪಿನಾಗ ತುಂಬ್ಕೋತದ. ಏನೂ ಬರೀದಿದ್ದ ಕಡಿ ಸೊನ್ನಿ ಹಾಕ್ತದ. ‘ಸಿ’ ಅನ್ನೋ ಕಂಪ್ಯೂಟರ್ ಭಾಷಾದಾಗ ಹಿಂಗ ಅಂಕಿ ತುಂಬೋ ಜಾಗಕ್ಕ ಗ್ಲೋಬಲ್ ವೇರಿಯೇಬಲ್ ಅಂತೀವ್ರಿ.”

“ನಾ ನಿಲ್ಲಿಸಿದ್ದು?”

“ಅದಕ್ಕ ಗೊತ್ತೇ ಇಲ್ರಿ.”

“ಮತ್ತ ಚಾಲೂ ಆಗು ಅಂತ ಬರದವ್ರು ಯಾರು?”

ಮೆಹಬೂಬ ನೆಲ ನೋಡಿದ. “ಕಾಕಾನೇ ಹೇಳಿದ್ರು. ಒಂದು ಇದ್ರ ಚಾಲೂ, ಸೊನ್ನಿ ಇದ್ರ ಬಂದ್. ಅಲ್ಲಿ ‘ಒಂದು’ ಇಡು, ತಾನೇ ಚಾಲೂ ಆಗ್ಲಿ, ನಿಮ್ಮ ಕಾಕಿ ಬಿಸಿಲಾಗ ಓಡಿ ಬರೋದು ಬ್ಯಾಡ ಅಂದ್ರು.”

ಅಂದರೆ ವರ್ಷವಿಡೀ, ಕರೆಂಟ್ ಬಂದಾಗಲೆಲ್ಲ, ಎಲ್ಲಕ್ಕಿಂತ ಮೊದಲು ಎದ್ದದ್ದು ಅವರ ಮಾತೇ?

“ಸೊನ್ನಿ ಮಾಡ್ಲೇನ್ರಿ? ಹಳೇದು ಅಳಿಸಿ ಹೋಗ್ತದ ಮತ್ತ.”

ನಾಗವ್ವನ ಹರಿದ ಸೆರಗು ನೋಡಿದೆ. “ಮಾಡಪ್ಪ” ಎಂದೆ. ಎದ್ದು ಮೇನ್ ಹ್ಯಾಂಡಲ್ ನಾನೇ ಇಳಿಸಿದೆ. ಅದು ಬೆಚ್ಚಗಿತ್ತು, ಈಗಷ್ಟೇ ಯಾರೋ ಹಿಡಿದು ಬಿಟ್ಟ ಹಾಗೆ.

ಈಗ ಕರೆಂಟ್ ಬಂದರೂ ಮೋಟರ್ ಸುಮ್ಮನೆ ನನ್ನ ದಾರಿ ಕಾಯುತ್ತದೆ.

ಮುತ್ಯಾ ಬರೆಸಿದ ‘ಒಂದು’ ಇನ್ನು ನಿಮಗೆ ಬರೆದ ಈ ಹಾಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ, ಜೋಪಾನ ಮಾಡುತ್ತೀರಲ್ಲ?