ಅಪ್ಪನ ಕಡೆಯಿಂದ ಬಂದದ್ದು

ಬೆಲ್ಟು ಪಟಪಟನೆ ಬಡಿದು, ಕಲ್ಲುಗಳು ಗರ್ರೆಂದು ತಿರುಗಲು ಶುರುವಾದರೆ ಓಣಿಗೆ ಬೆಳಗಾಯಿತೆಂದೇ ಲೆಕ್ಕ. ಆ ಹಿಟ್ಟಿನ ಗಿರಣಿ ನಡೆಸುವವಳನ್ನು ಎಲ್ಲರೂ ಗಿರಣಿ ಅಕ್ಕ ಎನ್ನುತ್ತಿದ್ದರು. ಸದ್ದಿನ ನಡುವೆ ಮಾತಾಡಿ ಮಾತಾಡಿ ಅವಳ ದನಿ ದೊಡ್ಡದಾಗಿತ್ತು. ಅವಳ ಗುಟ್ಟು ಆಚೆ ಬೀದಿಗೂ ಕೇಳುತ್ತದೆಂದು ಗಿರಾಕಿಗಳು ನಗುತ್ತಿದ್ದರು.

ಕಳೆದ ವರ್ಷ ಅವಳಿಗೆ ಸ್ತನ ಕ್ಯಾನ್ಸರ್ ಬಂತು. ಆಪರೇಷನ್ ಆಯಿತು, ಕೂದಲು ಉದುರಿ ಮತ್ತೆ ಚಿಗುರಿತು. ತೀರಿಹೋದ ಅಪ್ಪನ ತಂಗಿ, ಅವಳ ಸೋದರತ್ತೆ, ನೋಡಲು ಬಂದಾಗಲೆಲ್ಲ ಒಂದೇ ಮಾತು ಆಡುತ್ತಿದ್ದಳು: "ನಮ್ಮ ಕಡೆ ಇಂಥದ್ದು ಇಲ್ಲವೇ ಇಲ್ಲ. ಇದು ನಿಮ್ಮಮ್ಮನ ಕಡೆಯಿಂದ ಬಂದಿದ್ದು." ಅಮ್ಮ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು.

ಆಮೇಲೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಡಿಎನ್‌ಎಗೆ ಬೀಳುವ ಪೆಟ್ಟನ್ನು ಸರಿಪಡಿಸಬೇಕಾದ ಒಂದು ಜೀನ್‌ನಲ್ಲೇ ಹುಟ್ಟಿನಿಂದ ದೋಷವಿತ್ತು. ಅದು ಗೊತ್ತಾದದ್ದರಿಂದ ಅವಳಿಗೆ ಹೊಂದುವ ಮಾತ್ರೆ ಬರೆದುಕೊಟ್ಟರು. ಅಮ್ಮನ ರಕ್ತವನ್ನೂ ನೋಡಿದರು. ಅದರಲ್ಲಿ ಆ ದೋಷವಿರಲಿಲ್ಲ.

"ಹಾಗಾದ್ರೆ ನಿಮ್ಮ ತಂದೆಯಿಂದ ಬಂದಿರಬೇಕು," ಎಂದರು ಡಾಕ್ಟರು. "ಅವರಿಗೆ ಏನೂ ಆಗದೇ ಇದ್ರೂ ಮಕ್ಕಳಿಗೆ ದಾಟಬಹುದು. ಅವರ ಒಡಹುಟ್ಟಿದವರಿದ್ರೆ ಬೇಗ ಪರೀಕ್ಷೆ ಮಾಡಿಸಿ."

ಅತ್ತೆ ಗೋಧಿಯ ಡಬ್ಬ ಹಿಡಿದು ಗಿರಣಿಗೆ ಬಂದಾಗ ಅಕ್ಕನ ನಾಲಿಗೆಯ ತುದಿಯಲ್ಲಿ ಇಡೀ ವರ್ಷದ ಉತ್ತರವಿತ್ತು. ಅದನ್ನು ನುಂಗಿಕೊಂಡಳು. ಗಿರಣಿ ನಿಲ್ಲಿಸಿದರೆ ಸಾಲಿನಲ್ಲಿದ್ದವರಿಗೆಲ್ಲ ಕೇಳುತ್ತದೆ. ಹಾಗಾಗಿ ಅದನ್ನು ಓಡಲು ಬಿಟ್ಟು, ಅತ್ತೆಯ ಕಿವಿಗೆ ಬಾಯಿಟ್ಟು, ಕೂಗಿ ಕೂಗಿ ಎಲ್ಲವನ್ನೂ ಹೇಳಿದಳು.

"ಸತ್ತ ಅಣ್ಣನ ಮೇಲೆ ಹಾಕ್ತೀಯೇನೇ? ನಿಮ್ಮಮ್ಮ ಹೇಳಿಕೊಟ್ಟಳಾ?"

"ಹೌದು, ಅಮ್ಮನೇ ಹೇಳಿಕೊಟ್ಟಿದ್ದು. ಅತ್ತೆ ಹತ್ರ ಜಗಳ ಆಡಬೇಡ, ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ."

ಅತ್ತೆ ಡಬ್ಬದ ಮುಚ್ಚಳವನ್ನು ತಿರುಗಿಸುತ್ತಾ ನಿಂತಳು. ಆಮೇಲೆ ತಾನೇ ಅಕ್ಕನ ಭುಜ ಹಿಡಿದು ಹತ್ತಿರ ಎಳೆದಳು.

"ಎಡಗಡೆ ಒಂದು ಗಂಟು ಕೈಗೆ ಸಿಗುತ್ತೆ. ಯಾರಿಗೂ ಹೇಳಿಲ್ಲ. ಇಷ್ಟು ದಿನ ನಮ್ಮ ಕಡೆ ಇಲ್ಲ ಅಂದುಬಿಟ್ಟು, ಈಗ ಯಾವ ಬಾಯಲ್ಲಿ ಹೇಳಲಿ?"

ಅಕ್ಕ ಸ್ವಿಚ್ಚು ಆರಿಸಿದಳು.

"ಏನಕ್ಕಾ, ನನ್ನ ಹಿಟ್ಟು ಅರ್ಧ ಬಿದ್ದಿದೆ!" ಎಂದ ಸಾಲಿನಲ್ಲಿದ್ದ ಒಬ್ಬ.

"ಸಂಜೆಗೆ ಬಾ, ಇನ್ನರ್ಧ ಎಲ್ಲಿಗೂ ಓಡಿಹೋಗಲ್ಲ."

ಮೈಗೆ ಮೆತ್ತಿದ ಹಿಟ್ಟನ್ನೂ ಕೊಡವದೆ ಅವಳು ಅತ್ತೆಯ ಕೈ ಹಿಡಿದು ಬೀದಿಗಿಳಿದಳು. "ಗಂಟೆಲ್ಲ ಅದೇ ಆಗಿರಬೇಕಂತೇನಿಲ್ಲ ಅತ್ತೆ. ಮೊದಲು ಡಾಕ್ಟರು ಮುಟ್ಟಿ ನೋಡ್ತಾರೆ, ಆಮೇಲೆ ಸ್ಕ್ಯಾನು, ಅದಾದ ಮೇಲೆ ರಕ್ತ ಪರೀಕ್ಷೆ. ನಾನು ಜೊತೆಗೇ ಇರ್ತೀನಿ," ಎಂದಳು; ಗಿರಣಿ ನಿಂತಿದ್ದರೂ ಅವಳ ದನಿ ಆಚೆ ಬೀದಿಗೂ ಕೇಳುತ್ತಿತ್ತು.